ಒಸಾಕಾ ಎಕ್ಸ್‌ಪೋ ವಿಡಿಯೊ ನೋಡಿ ಅಪ್ಪ ಕೇಳಿದ್ದು ಒಂದೇ: ಬೆಣೆ ಎಲ್ಲಿ?

ಬೀಟೆಹಲಗೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

2025ರ ಸೆಪ್ಟೆಂಬರ್‌ನಲ್ಲಿ ಕಂಪನಿ ಕೆಲಸದ ಮೇಲೆ ಹದಿನೈದು ದಿನ ಒಸಾಕಾಕ್ಕೆ ಹೋಗಿದ್ದೆ. ಮಧ್ಯೆ ಒಂದು ಭಾನುವಾರ ಸಿಕ್ಕಿತು. ಎಕ್ಸ್‌ಪೋ ನೋಡದೆ ಬಂದರೆ ಊರಲ್ಲಿ ಮುಖ ತೋರಿಸೋದು ಹೇಗೆ ಅಂತ ಹೊರಟೆ. ದೇಶ ದೇಶಗಳು ತಮ್ಮ ತಮ್ಮ ಪೆವಿಲಿಯನ್ (ಪ್ರದರ್ಶನ ಮಂಟಪ) ಹಾಕುವ, ಏಪ್ರಿಲ್ 13ಕ್ಕೆ ಶುರುವಾಗಿ ಅಕ್ಟೋಬರ್ 13ಕ್ಕೆ ಮುಗಿದ ಆರು ತಿಂಗಳ ಜಾತ್ರೆ ಅದು. ಜಾಗ ಯುಮೆಶಿಮಾ, ಸಮುದ್ರಕ್ಕೆ ಮಣ್ಣು ತುಂಬಿ ಮಾಡಿದ ದ್ವೀಪ. ಜನವೋ ಜನ. ದಸರಾ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ನಿಂತು ಅಭ್ಯಾಸ ಇದ್ದಿದ್ದಕ್ಕೆ ಬಚಾವಾದೆ, ಇಲ್ಲದಿದ್ದರೆ ಮೊದಲ ಕ್ಯೂ ನೋಡಿಯೇ ವಾಪಸ್ ರೈಲು ಹತ್ತುತ್ತಿದ್ದೆ.

ನಮ್ಮ ದೇಶದ ಪೆವಿಲಿಯನ್ ಹೆಸರು ‘ಭಾರತ್’. ಎದುರಿಗೆ ಕಮಲ. ಅಜಂತಾ ಗುಹೆಯ ಪದ್ಮಪಾಣಿ (ಕಮಲ ಹಿಡಿದ ಬೋಧಿಸತ್ವ) ಚಿತ್ರದಿಂದ ಎತ್ತಿಕೊಂಡ ಕಲ್ಪನೆ. ನೋಡಿದ ಕೂಡಲೇ ಒಂಥರಾ ಖುಷಿಯಾಯಿತು, ಸುಳ್ಳು ಹೇಳಲ್ಲ. ಪಕ್ಕದಲ್ಲಿ ನಿಂತಿದ್ದ ಜಪಾನಿ ಅಜ್ಜಿಯೊಬ್ಬರು ಕೈ ಮುಗಿದರು, ನಾನೂ ಮುಗಿದೆ. ಆದರೆ ಅವತ್ತು ಏಳೆಂಟು ದೇಶಗಳ ಪೆವಿಲಿಯನ್ ಸುತ್ತಿದ ಮೇಲೆ ಒಂದು ವಿಷಯ ತಲೆಯಲ್ಲಿ ಕೂತುಬಿಟ್ಟಿತು. ಎಲ್ಲರ ಬೋರ್ಡಿನಲ್ಲೂ ‘ಪರಂಪರೆ ಮತ್ತು ಆವಿಷ್ಕಾರ’. ಒಳಗೆ ಹೋದರೆ ಒಂದು ಗೋಡೆಗೆ ಪರಂಪರೆ, ಇನ್ನೊಂದು ಗೋಡೆಗೆ ದೊಡ್ಡ ಪರದೆ. ಮಧ್ಯೆ ನಾವು ನಡೆದುಕೊಂಡು ಹೋಗುವ ಓಣಿ. ಎರಡೂ ಎಲ್ಲಿ ಸೇರುತ್ತವೆ ಅಂತ ಹುಡುಕಿದರೆ ಸಿಗಲ್ಲ.

ಅದು ಸಿಕ್ಕಿದ್ದು ಯಾವ ಪೆವಿಲಿಯನ್‌ನಲ್ಲೂ ಅಲ್ಲ, ಎಲ್ಲವನ್ನೂ ಸುತ್ತುವರಿದಿದ್ದ ಮರದ ಉಂಗುರದಲ್ಲಿ. ಗ್ರ್ಯಾಂಡ್ ರಿಂಗ್ ಅಂತಾರೆ. ಸೋ ಫುಜಿಮೊಟೊ ಎಂಬ ವಾಸ್ತುಶಿಲ್ಪಿಯ ವಿನ್ಯಾಸ. ಸುತ್ತಳತೆ ಸುಮಾರು 2 ಕಿಲೋಮೀಟರ್. ಜಗತ್ತಿನ ಅತಿ ದೊಡ್ಡ ಮರದ ಕಟ್ಟಡ ಅಂತ ಗಿನ್ನೆಸ್ ದಾಖಲೆ ಇದೆ. ಕಂಬಕ್ಕೆ ತೂತು ಕೊರೆದು ಅಡ್ಡ ತೊಲೆ ತೂರಿಸಿ ಬೆಣೆ ಹೊಡೆದು ಬಿಗಿ ಮಾಡುವುದು ಅವರ ಹಳೇ ದೇವಸ್ಥಾನಗಳ ಪದ್ಧತಿ. ‘ನುಕಿ’ ಅಂತ ಹೆಸರು. ಕ್ಯೋಟೊದ ಕಿಯೊಮಿಜು ದೇವಸ್ಥಾನದ ಎತ್ತರದ ಮರದ ಜಗಲಿ 1633ರಿಂದ ಹೀಗೇ ನಿಂತಿದೆ. ಅದೇ ಉಪಾಯವನ್ನು ಇಲ್ಲಿ 2 ಕಿಲೋಮೀಟರ್ ಎಳೆದಿದ್ದಾರೆ.

ಈಗ ಅಸಲು ವಿಷಯ. ನಮ್ಮಪ್ಪ ಬೀಟೆ ಮರದ ಇನ್ಲೇ (ಹಲಗೆಯೊಳಗೆ ಬೇರೆ ಮರದ ತುಂಡು ಕೂರಿಸಿ ಚಿತ್ರ ಮಾಡುವ) ಕೆಲಸದವರು. ಮಂಡಿ ಮೊಹಲ್ಲಾದಲ್ಲಿ ನಲವತ್ತು ವರ್ಷದಿಂದ ಅದೇ ಕೆಲಸ. ಊರಿಗೆ ಬಂದ ಮೇಲೆ ಫೋನಿನಲ್ಲಿದ್ದ ವಿಡಿಯೊ ಎಲ್ಲ ತೋರಿಸಿದೆ. ರೋಬೋ ತೋರಿಸಿದೆ, ‘ಹ್ಞೂಂ’ ಅಂದರು. ಬಣ್ಣಬಣ್ಣದ ಲೈಟು ತೋರಿಸಿದೆ, ‘ಅರಮನೆ ಲೈಟಿಗಿಂತ ಜಾಸ್ತಿನಾ?’ ಅಂದರು. ಮರದ ಉಂಗುರ ಬಂದ ತಕ್ಷಣ ‘ನಿಲ್ಸು’ ಅಂದರು. ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು, ಎರಡು ಬೆರಳಲ್ಲಿ ಚಿತ್ರ ಹಿಗ್ಗಿಸಿ, ಒಂದು ಕಂಬದ ಕಚ್ಚಿನ ಹತ್ತಿರ ನಿಂತುಬಿಟ್ಟರು. ‘ಬೆಣೆ ಎಲ್ಲಿ? ಒಂದೇ ಕಡೆಯಿಂದ ಹೊಡೆದಿದ್ದಾರಾ, ಎರಡೂ ಕಡೆಯಿಂದಲಾ?’

ನಾನು ಅದನ್ನು ನೋಡೇ ಇರಲಿಲ್ಲ! ಅಷ್ಟು ದೂರ ಹೋಗಿ, ಅದರ ಕೆಳಗೆ ಕೂತು ಬಾಕ್ಸ್ ಊಟ ಮಾಡಿ ಬಂದವನು.

‘ಇಷ್ಟು ಎತ್ತರ ಬರೀ ಕಚ್ಚಿನ ಬಲದಲ್ಲಿ ನಿಲ್ಲಲ್ಲ, ಒಳಗೆ ಕಬ್ಬಿಣ ಇರಲೇಬೇಕು’ ಅಂದರು. ರಾತ್ರಿ ಕೂತು ಹುಡುಕಿದೆ. ಅಪ್ಪ ಹೇಳಿದ್ದು ಸರಿ. ಭೂಕಂಪದ ದೇಶ ಆದ್ದರಿಂದ ಕೀಲಿನಲ್ಲಿ ಲೋಹ ಸೇರಿಸಿದ್ದಾರೆ. ಉಂಗುರವನ್ನು ಮೂರು ಭಾಗ ಮಾಡಿ ಬೇರೆ ಬೇರೆ ಗುತ್ತಿಗೆದಾರರ ಗುಂಪಿಗೆ ಕೊಟ್ಟಿದ್ದರು, ಕಚ್ಚು ಬಿಗಿ ಮಾಡಿರುವ ರೀತಿ ಒಂದೊಂದು ಭಾಗದಲ್ಲಿ ಒಂದೊಂದು ಥರ. ಬೆಳಗ್ಗೆ ಹೇಳಿದೆ. ಅಪ್ಪನಿಗೆ ಆದ ಖುಷಿ ನೋಡಬೇಕಿತ್ತು.

ನನ್ನ ಪ್ರಶ್ನೆ ಇಷ್ಟೇ. ಮುಂದಿನ ಎಕ್ಸ್‌ಪೋದಲ್ಲಿ ನಮ್ಮ ಮೈಸೂರಿನದೊಂದು ಸಾಮಾನು ಇಡೋದಾದರೆ, ಕಲಿತ ಕಣ್ಣು ನಿಂತು ‘ಬೆಣೆ ಎಲ್ಲಿ’ ಅಂತ ಕೇಳೋ ಹಾಗೆ ಇಡೋದು ಹೇಗೆ? ಗಾಜಿನ ಪೆಟ್ಟಿಗೆಯಲ್ಲಿ ಆನೆ ಅಂಬಾರಿ ಫಲಕ ಇಟ್ಟು ಕೆಳಗೆ ಚೀಟಿ ಅಂಟಿಸಿದರೆ ಸಾಕಾ?

ದುಬೈ ರಿಟರ್ನ್

ಚೆನ್ನಾಗಿ ಬರೆದಿದ್ದೀರಿ ಸರ್. ಆದರೆ ಸ್ವಲ್ಪ ತಣ್ಣೀರು ಎರಚುತ್ತೇನೆ, ಬೇಜಾರಾಗಬೇಡಿ.

ನಾನು ದುಬೈನಲ್ಲಿ ಒಂಬತ್ತು ವರ್ಷ ಇದ್ದವನು. 2020ರ ಎಕ್ಸ್‌ಪೋ ಕೋವಿಡ್‌ನಿಂದ ತಡವಾಗಿ 2021ರ ಅಕ್ಟೋಬರ್ 1ಕ್ಕೆ ಶುರುವಾಯಿತು, 2022ರ ಮಾರ್ಚ್ 31ರವರೆಗೆ ನಡೆಯಿತು. ನಮ್ಮ ಪೆವಿಲಿಯನ್‌ಗೆ ಐದು ಸಲ ಹೋಗಿದ್ದೇನೆ, ಊರಿಂದ ಬಂದ ನೆಂಟರನ್ನೆಲ್ಲ ಕರೆದುಕೊಂಡು. ನಾಲ್ಕಂತಸ್ತಿನ ಕಟ್ಟಡ, ಹೊರಗಡೆ ಸುಮಾರು 600 ಬಣ್ಣದ ಫಲಕ, ಒಂದೊಂದೂ ತಿರುಗುತ್ತಿತ್ತು. ತಿರುಗಿದಾಗ ಚಿತ್ರ ಬದಲಾಗುತ್ತಿತ್ತು. ನಮ್ಮ ಅತ್ತೆ ಕುರ್ಚಿ ಹಾಕಿಸಿಕೊಂಡು ಮುಕ್ಕಾಲು ಗಂಟೆ ಅದನ್ನೇ ನೋಡಿದರು, ಒಳಗೇ ಬರಲಿಲ್ಲ.

ವಿಷಯ ಏನಂದರೆ, ಪೆವಿಲಿಯನ್ ಕಟ್ಟೋದು ಕುಶಲಕರ್ಮಿಗಾಗಿ ಅಲ್ಲ. ಬಂಡವಾಳ ಹಾಕುವವರನ್ನು ಕರೆಯೋಕೆ. ಮೇಲಿನ ಮಹಡಿಯಲ್ಲಿ ಸೂಟು ಹಾಕಿದವರ ಮೀಟಿಂಗ್, ಕೆಳಗೆ ನಮ್ಮ ನಿಮ್ಮಂಥವರಿಗೆ ಯೋಗ, ರಾಕೆಟ್ಟು, ಸೆಲ್ಫಿ. ನಿಮ್ಮ ತಂದೆಯವರ ಪ್ರಶ್ನೆ ಕೇಳುವ ಜನ ನೂರಕ್ಕೆ ಒಬ್ಬರು ಬರಬಹುದು. ಆ ಒಬ್ಬರಿಗೋಸ್ಕರ ಯಾರು ಜಾಗ ಕೊಡ್ತಾರೆ?

ಕಬ್ಬಿನಗದ್ದೆ (ಮಂಡ್ಯ)

ಏನಣ್ಣ, ಎಲ್ಲಾ ಮೈಸೂರು ಮೈಸೂರು ಅಂತೀರಲ್ಲ, ಮಂಡ್ಯ ಕಣ್ಣಿಗೆ ಬೀಳಲ್ವಾ?

ತಮಾಷೆ ಬಿಟ್ಟು ಹೇಳ್ತೀನಿ. ಪರಂಪರೆ, ಆವಿಷ್ಕಾರ ಎರಡೂ ಒಂದೇ ಕಡೆ ಸೇರಿದ್ದು ನೋಡಬೇಕಾ? ಕನ್ನಂಬಾಡಿ ಕಟ್ಟೆ ಮೇಲೆ ಬಂದು ನಿಂತುಕೊಳ್ಳಿ. 1911ರಲ್ಲಿ ಕೆಲಸ ಶುರು ಮಾಡಿದಾಗ ಸಿಮೆಂಟ್ ಬದಲು ಸುರ್ಕಿ ಗಾರೆ ಹಾಕಿದರು. ಸುಟ್ಟ ಇಟ್ಟಿಗೆ ಪುಡಿ, ಸುಣ್ಣ, ನೀರು, ಅಷ್ಟೇ. ನಮ್ಮಜ್ಜಿ ಮನೆ ಗೋಡೆಗೂ ಅದೇ. ಅದೇ ಕಟ್ಟೆಗೆ ವಿಶ್ವೇಶ್ವರಯ್ಯನವರ ತಾನಾಗಿ ತೆರೆದುಕೊಳ್ಳುವ ಗೇಟು. ನೀರು ಒಂದು ಮಟ್ಟಕ್ಕೆ ಬಂದರೆ ತಾನೇ ಎದ್ದುಕೊಳ್ಳುತ್ತಿತ್ತು. ಅಜ್ಜಿಯ ಗಾರೆ, ಇಂಜಿನಿಯರ್ ಗೇಟು, ಎರಡೂ ಒಂದೇ ಗೋಡೆಯಲ್ಲಿ. ಅವರು ಯಾವ ಬೋರ್ಡೂ ಹಾಕಿರಲಿಲ್ಲ.

ಶಿವನಸಮುದ್ರವೂ ನಮ್ಮ ಜಿಲ್ಲೆಯದೇ, ಮಳವಳ್ಳಿ ತಾಲ್ಲೂಕು. 1902ರಲ್ಲಿ ಅಲ್ಲಿಂದ ಕರೆಂಟು ಕೋಲಾರದ ಚಿನ್ನದ ಗಣಿಗೆ ಹೋಯಿತು. ಬೆಂಗಳೂರಿನ ಬೀದಿ ದೀಪ ಆಮೇಲೆ 1905ರಲ್ಲಿ. ಬೆಂಗಳೂರಿನವರು ಇದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಪೆವಿಲಿಯನ್‌ಗೆ ನನ್ನ ಸಲಹೆ: ಒಂದು ಆಲೆಮನೆ ಹಾಕಿ. ಬಿಸಿ ಬಿಸಿ ಕಬ್ಬಿನ ಹಾಲು ಕುದಿಯೋ ವಾಸನೆಗೆ ಜನ ತಾವಾಗೇ ಬರ್ತಾರೆ. ಪರದೆ ಬೇಕಿಲ್ಲ.

ಸುಮ್ನೆ ಓದುಗ

ಆಲೆಮನೆ ಹೊಗೆಗೆ ಫೈರ್ ಅಲಾರಂ ಹೊಡ್ಕೊಂಡು ಇಡೀ ಎಕ್ಸ್‌ಪೋ ಖಾಲಿ 😂 ಆಗ ಕ್ಯೂ ಸಮಸ್ಯೆ ಪರಿಹಾರ.

ನಕ್ಷೆ ಪೆನ್ಸಿಲ್ (ಆರ್ಕಿಟೆಕ್ಚರ್ ಓದ್ತಿದ್ದೇನೆ, ಮೈಸೂರು)

ದುಬೈ ಅಂಕಲ್‌ಗೆ ಒಂದು ಉತ್ತರ. ನೂರಕ್ಕೆ ಒಬ್ಬರು ಅಂದಿರಿ, ಆದರೆ ಎಕ್ಸ್‌ಪೋ ಇತಿಹಾಸದಲ್ಲಿ ನೆನಪಲ್ಲಿ ಉಳಿದಿರುವುದೆಲ್ಲ ‘ಇದನ್ನು ಹೇಗೆ ಮಾಡಿದರು’ ಅಂತ ಕೇಳಿಸಿದ ಕಟ್ಟಡಗಳೇ. 1851ರ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ತಗೊಳ್ಳಿ, ಗಾಜು ಮತ್ತು ಕಬ್ಬಿಣದ ಒಂದೇ ಅಳತೆಯ ತುಂಡು ಜೋಡಿಸಿ ಕೆಲವೇ ತಿಂಗಳಲ್ಲಿ ಎಬ್ಬಿಸಿದ್ದು. 1889ರಲ್ಲಿ ಐಫೆಲ್ ಗೋಪುರ. ಒಳಗೆ ಏನು ಇಟ್ಟಿದ್ದರು ಅಂತ ಇವತ್ತು ಯಾರಿಗೆ ಗೊತ್ತು? ಕೀಲು ನೆನಪಿದೆ.

ನಮ್ಮದೂ ಒಂದಿದೆ, ಯಾಕೋ ಯಾರೂ ಹೇಳಲ್ಲ. 2010ರ ಶಾಂಘೈ ಎಕ್ಸ್‌ಪೋದಲ್ಲಿ ಭಾರತದ ಪೆವಿಲಿಯನ್‌ಗೆ ದೊಡ್ಡ ಬಿದಿರಿನ ಗುಮ್ಮಟ ಕಟ್ಟಿದ್ದರು. ಸುಮಾರು 35 ಮೀಟರ್ ಅಗಲ, ಸಾಂಚಿ ಸ್ತೂಪದ ಆಕಾರ, ಮೇಲೆ ಗಿಡಮೂಲಿಕೆ. ಬಿದಿರನ್ನು ಬಗ್ಗಿಸಿ ಅಷ್ಟಗಲ ದಾಟಿಸೋದು ಹುಡುಗಾಟ ಅಲ್ಲ. ನಮ್ಮ ಕ್ಲಾಸಿನಲ್ಲಿ ಅದರ ಮಾದರಿ ಮಾಡೋಕೆ ಹೋಗಿ ಮೂರು ಸಲ ಕುಸಿದಿದೆ, ನಾಲ್ಕನೇ ಸಲ ಫೋಟೋ ತೆಗೆಯುವವರೆಗೆ ನಿಂತಿತ್ತು.

ಇನ್ನೊಂದು ಇಷ್ಟವಾದದ್ದು ನೇಪಾಳದ್ದು. 2000ದ ಹ್ಯಾನೋವರ್ ಎಕ್ಸ್‌ಪೋಗೆ ಅವರು ಮರದ ಕೆತ್ತನೆಯ ದೇವಸ್ಥಾನದಂಥ ಪೆವಿಲಿಯನ್ ಮಾಡಿದ್ದರು. ಎಲ್ಲ ಮುಗಿದ ಮೇಲೆ ಅದನ್ನು ಬಿಚ್ಚಿ ಜರ್ಮನಿಯಲ್ಲೇ ರೇಗನ್ಸ್‌ಬರ್ಗ್ ಹತ್ತಿರದ ಒಂದು ಊರಿನಲ್ಲಿ ಮತ್ತೆ ಜೋಡಿಸಿದರು. ಈಗಲೂ ತೋಟದ ಮಧ್ಯೆ ನಿಂತಿದೆ. ಬಿಚ್ಚಿ ಜೋಡಿಸೋಕೆ ಆಗಿದ್ದು ಯಾಕೆ? ಕಚ್ಚು ಕಚ್ಚಾಗಿ ಮಾಡಿದ್ದಕ್ಕೆ. ಕಾಂಕ್ರೀಟ್ ಆಗಿದ್ದರೆ ಒಡೆಯಬೇಕಿತ್ತು.

ಒಸಾಕಾ ಉಂಗುರವನ್ನು ಪೂರ್ತಿ ಉಳಿಸಿಕೊಳ್ಳುತ್ತಿಲ್ಲ, ಸುಮಾರು 200 ಮೀಟರ್ ಮಾತ್ರ ಅಂತ ತೀರ್ಮಾನ ಆಗಿದೆ. ಜಪಾನ್ ಪೆವಿಲಿಯನ್ ಗೋಡೆಯ ಮರದ ಹಲಗೆಗಳನ್ನೂ ಮತ್ತೆ ಬಳಸೋ ಹಾಗೆಯೇ ಮಾಡಿದ್ದರು.

ಬೀಟೆಹಲಗೆ

@ನಕ್ಷೆ ಪೆನ್ಸಿಲ್, ನೇಪಾಳದ ಕಥೆ ಅಪ್ಪನಿಗೆ ಓದಿ ಹೇಳಿದೆ. ‘ಬಿಚ್ಚೋವಾಗ ಪ್ರತಿ ತುಂಡಿಗೂ ನಂಬರ್ ಬರೆದಿರ್ತಾರೆ’ ಅಂದರು, ತಾವೇ ಹೋಗಿ ಬಿಚ್ಚಿ ಬಂದ ಹಾಗೆ.

@ದುಬೈ ರಿಟರ್ನ್, ನಿಮ್ಮ ಮಾತು ಒಪ್ತೀನಿ ಸರ್, ಅರ್ಧ. ಕುಶಲಕರ್ಮಿಯನ್ನು ಕರೆದುಕೊಂಡು ಹೋಗಿ ಕೂರಿಸೋದೂ ಇದೆ. ಅದರ ಅನುಭವ ನಮ್ಮ ಮನೆಯಲ್ಲೇ ಇದೆ. ಸುಮಾರು ಹನ್ನೆರಡು ವರ್ಷದ ಹಿಂದೆ ಒಂದು ದೊಡ್ಡ ಮೇಳಕ್ಕೆ ಅಪ್ಪನನ್ನು ಕರೆದಿದ್ದರು. ಎಲ್ಲಿ, ಯಾರು ಅಂತ ಬರೆಯಲ್ಲ, ಈಗ ಅದೆಲ್ಲ ಬೇಡ. ಹತ್ತು ದಿನ ಒಂದು ಮೂಲೆಯಲ್ಲಿ ಪೇಟ ಕಟ್ಟಿ ಕೂರಿಸಿದರು. ನಮ್ಮಪ್ಪ ಮನೆಯಲ್ಲಿ ಯಾವತ್ತೂ ಪೇಟ ಕಟ್ಟಿದವರಲ್ಲ, ಬನಿಯನ್‌ನಲ್ಲೇ ಕೂತು ಕೆಲಸ ಮಾಡುವವರು. ಕಾಲ ಮೇಲೆ ಬೆಳಕು ಬೀಳ್ತಿತ್ತು, ಕೈ ಮೇಲೆ ಬೀಳ್ತಿರಲಿಲ್ಲ. ಇನ್ಲೇ ಕೆಲಸಕ್ಕೆ ಪಕ್ಕದಿಂದ ಬೆಳಕು ಬರಬೇಕು, ಇಲ್ಲದಿದ್ದರೆ ಗರಗಸದ ಹಲ್ಲು ಗೆರೆ ಮೇಲಿದೆಯೋ ಇಲ್ಲವೋ ಗೊತ್ತಾಗಲ್ಲ. ಹತ್ತು ದಿನದಲ್ಲಿ ಒಂದು ನವಿಲಿನ ಕತ್ತು ಮುಗಿಸಲಾಗಲಿಲ್ಲ. ದುಡ್ಡು ಬಂದದ್ದು ಎಂಟು ತಿಂಗಳಿಗೆ. ಕಳಿಸಿದ್ದ ಎರಡು ಫಲಕದಲ್ಲಿ ಒಂದು ಮೂಲೆ ಒಡೆದು ವಾಪಸ್ ಬಂತು.

ಆದ್ದರಿಂದ ‘ಕುಶಲಕರ್ಮಿಗೆ ವೇದಿಕೆ’ ಅಂದ ಕೂಡಲೇ ನಮ್ಮಮ್ಮ ಎದ್ದು ಅಡುಗೆಮನೆಗೆ ಹೋಗಿಬಿಡ್ತಾರೆ.

ಇನ್ನು ಕೆಲಸ ಹೇಗಿರುತ್ತೆ ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದಾರೆ. ಕಾಗದದ ಮೇಲೆ ಚಿತ್ರ ಬರೆದುಕೊಂಡು ತುಂಡು ತುಂಡು ಮಾಡಿ, ಒಂದೊಂದನ್ನು ಒಂದೊಂದು ಮರದ ತೆಳು ಹಾಳೆ ಮೇಲೆ ಅಂಟಿಸುತ್ತಾರೆ. ಬಣ್ಣ ಹಚ್ಚುವುದಿಲ್ಲ, ಮರದ ಬಣ್ಣವೇ ಬಣ್ಣ. ಹಳದಿ ಬೇಕಾದರೆ ಹಲಸು. ಕೂದಲಿನಷ್ಟು ಸಣ್ಣ ಗರಗಸದಲ್ಲಿ ಕೊರೆಯುತ್ತಾರೆ. ಒಂದು ಎಲೆ ಅಂದರೆ ಕಿರುಬೆರಳ ಉಗುರಿನಷ್ಟಿರುತ್ತೆ, ಉಸಿರು ಜೋರಾಗಿ ಬಿಟ್ಟರೆ ಹಾರಿ ಮಂಚದ ಕೆಳಗೆ. (ಚಿಕ್ಕವನಿದ್ದಾಗ ಅದನ್ನು ಹುಡುಕುವ ಕೆಲಸ ನನ್ನದು, ಒಂದು ಎಲೆಗೆ ನಾಲ್ಕಾಣೆ.) ಆ ತುಂಡನ್ನು ಬೀಟೆ ಹಲಗೆ ಮೇಲಿಟ್ಟು ಸುತ್ತ ಗೆರೆ ಎಳೆದು, ಒಳಗಿನದ್ದನ್ನು ಉಳಿಯಿಂದ ತೋಡಿ, ಅಂಟು ಹಾಕಿ ಕೂರಿಸುತ್ತಾರೆ. ಬೆರಳು ಸವರಿದರೆ ಜೋಡಣೆ ಸಿಗಬಾರದು. ಅಪ್ಪ ಕಣ್ಣು ಮುಚ್ಚಿಕೊಂಡು ಸವರಿ ನೋಡುತ್ತಾರೆ.

ಅರಮನೆಯ ಅಂಬಾವಿಲಾಸ ಸಭಾಂಗಣದ ಬಾಗಿಲಿನಲ್ಲಿ ಇದೇ ಕೆಲಸ, ದಂತದಲ್ಲಿ. ಈಗ ದಂತ ಮುಟ್ಟುವ ಹಾಗಿಲ್ಲ. ಈಚೆಗೆ ಕೆಲವರು ಲೇಸರ್‌ನಲ್ಲಿ ಕೊರೆಸುತ್ತಾರೆ. ಅಪ್ಪನಿಗೆ ಅದರ ಮೇಲೆ ಕೋಪ ಇದೆ ಅಂದುಕೊಂಡಿದ್ದೆ, ಇಲ್ಲ. ‘ಹಿನ್ನೆಲೆಯ ದೊಡ್ಡ ತುಂಡಿಗೆ ಸರಿ, ಮುಖಕ್ಕೆ ಬೇಡ, ಅಂಚು ಸುಟ್ಟು ಕಪ್ಪಾಗುತ್ತೆ’ ಅಂತಾರೆ ಅಷ್ಟೇ. ಈ ಒಂದು ಮಾತಿನಲ್ಲಿ ನಮ್ಮ ಪೆವಿಲಿಯನ್ ಇದೆ ಅನ್ಸುತ್ತೆ ನನಗೆ. ಲೇಸರ್ ಕೊರೆದ ಒಂದು ಎಲೆ, ಕೈಯಲ್ಲಿ ಕೊರೆದ ಒಂದು ಎಲೆ, ಪಕ್ಕ ಪಕ್ಕ ಒಂದು ಭೂತಗನ್ನಡಿ ಕೆಳಗೆ ಇಡಿ. ಸಾಕು.

ಕುಕ್ಕರಹಳ್ಳಿ ವಾಕರ್

ನಾನು ಆಹಾರ ಸಂಶೋಧನೆಯಲ್ಲಿ ಇದ್ದು ನಿವೃತ್ತನಾದವನು. ನಮ್ಮ ಸಿಎಫ್‌ಟಿಆರ್‌ಐ (ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾಲಯ) 1950ರಿಂದ ಚೆಲುವಾಂಬ ಮ್ಯಾನ್ಷನ್‌ನಲ್ಲಿದೆ. ಅರಮನೆಯಂಥ ಕಟ್ಟಡದಲ್ಲಿ ಪ್ರಯೋಗಶಾಲೆ. ಎಮ್ಮೆ ಹಾಲಿನಿಂದ ಮಗುವಿಗೆ ಕೊಡುವ ಪುಡಿ ಮಾಡೋ ವಿಧಾನ ಅಲ್ಲಿಂದ ಹೊರಬಂತು, ಅಮುಲ್‌ನವರು ಅದನ್ನು ಮಾರುಕಟ್ಟೆಗೆ ತಂದರು. ಎಮ್ಮೆ ಹಾಲು ಶಿಶುಗಳಿಗೆ ಆಗಲ್ಲ ಅಂತ ಹೊರದೇಶದವರು ಹೇಳುತ್ತಿದ್ದ ಕಾಲ ಅದು.

ಆದರೆ ನನ್ನ ಓಟು ಶಾಯಿಗೆ. ಮೈಸೂರು ಪೇಂಟ್ಸ್ ಕಾರ್ಖಾನೆ 1937ರದ್ದು. ಬೆರಳಿಗೆ ಹಚ್ಚೋ ಅಳಿಸಲಾಗದ ಶಾಯಿ 1962ರ ಚುನಾವಣೆಯಿಂದ ಅಲ್ಲಿಂದಲೇ ಹೋಗುತ್ತಿದೆ, ಬೇರೆ ಬೇರೆ ದೇಶಗಳಿಗೂ ಹೋಗುತ್ತೆ. ಪೆವಿಲಿಯನ್ ಬಾಗಿಲಲ್ಲಿ ಬಂದವರ ಎಡಗೈ ಬೆರಳಿಗೆ ಒಂದು ಗೆರೆ ಹಚ್ಚಿ. ಕೆಲವು ವಾರ ಹೋಗಲ್ಲ. ಊರಿಗೆ ಹೋದ ಮೇಲೂ ಎಲ್ಲಿ ಹಚ್ಚಿಸಿಕೊಂಡೆ ಅಂತ ಜನ ಕೇಳ್ತಾರೆ. ಕರಪತ್ರ ಕೊಟ್ಟರೆ ಮೊದಲ ಡಸ್ಟ್‌ಬಿನ್‌ನಲ್ಲಿ ಹಾಕ್ತಾರೆ.

ಕಬ್ಬಿನಗದ್ದೆ (ಮಂಡ್ಯ)

ಇದು ಸೂಪರ್ ಸರ್! ಎರಡನೇ ಸಲ ಕ್ಯೂಗೆ ಬಂದವರನ್ನು ಹಿಡಿಯೋಕೂ ಆಗುತ್ತೆ.

ಫೈಲುಗುಮಾಸ್ತೆ

ಮಜಾ ಇದೆ, ಆದರೆ ಅದರಲ್ಲಿ ಸಿಲ್ವರ್ ನೈಟ್ರೇಟ್ ಇರುತ್ತೆ. ಹೊರದೇಶದವರ ಚರ್ಮಕ್ಕೆ ಹಚ್ಚೋಕೆ ಅನುಮತಿ ಸುಲಭವಾಗಿ ಸಿಗಲ್ಲ. ಮಕ್ಕಳಿಗಂತೂ ಬೇಡವೇ ಬೇಡ.

ಬೀಟೆ ಮರದ ವಿಷಯದಲ್ಲೂ ಒಂದು ಕಾಗದ ಪತ್ರದ ಮಾತು. ನಾನು ರಫ್ತು ಕಡೆ ಕೆಲಸ ಮಾಡಿದವಳು. 2017ರಿಂದ ಬೀಟೆ ಇಡೀ ಕುಲವೇ ಸೈಟಿಸ್ (ಅಪಾಯದಲ್ಲಿರುವ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ) ಒಪ್ಪಂದದ ಎರಡನೇ ಪಟ್ಟಿಯಲ್ಲಿದೆ. ಗಡಿ ದಾಟಿಸಬೇಕಾದರೆ ದಾಖಲೆ ಬೇಕು. ಸಣ್ಣ ಸಿದ್ಧ ವಸ್ತುಗಳಿಗೆ ಆಮೇಲೆ ತೂಕದ ಮಿತಿಯೊಳಗೆ ಸಡಿಲಿಕೆ ಸಿಕ್ಕಿದೆ, ಆದರೆ ಕೂತು ಕೆಲಸ ಮಾಡಿ ತೋರಿಸೋಕೆ ಕಚ್ಚಾ ಹಲಗೆ ಒಯ್ಯೋದಾದರೆ ಅದು ಬೇರೆಯೇ ಲೆಕ್ಕ. ಕೊನೇ ವಾರದಲ್ಲಿ ಓಡಾಡಿದರೆ ಆಗಲ್ಲ. ಹಲಗೆ ಬಂದರಿನಲ್ಲಿ, ನಿಮ್ಮ ತಂದೆ ಪೆವಿಲಿಯನ್‌ನಲ್ಲಿ.

ನಕ್ಷೆ ಪೆನ್ಸಿಲ್

ಅಕ್ಕ, ಇಂಥ ಮಾತು ಕಾಲೇಜಿನಲ್ಲಿ ಯಾರೂ ಹೇಳಿಕೊಡಲ್ಲ. ಥ್ಯಾಂಕ್ಸ್.

ಮುಂದಿನವು ಯಾವುವು ಅಂತ ಕೆಲವರು ಕೇಳಿದ್ದರು. 2027ರಲ್ಲಿ ಎರಡಿವೆ. ಯೊಕೊಹಾಮಾದಲ್ಲಿ ತೋಟಗಾರಿಕೆ ಎಕ್ಸ್‌ಪೋ, ಮಾರ್ಚ್ 19ರಿಂದ. ಮೈಸೂರು ಮಲ್ಲಿಗೆ, ವೀಳ್ಯದೆಲೆ, ನಂಜನಗೂಡು ರಸಬಾಳೆ ಮೂರಕ್ಕೂ ಜಿಐ ಟ್ಯಾಗ್ (ಆ ಊರಿನದೇ ಅನ್ನೋ ಭೌಗೋಳಿಕ ಗುರುತು) ಇದೆ, ಯಾರಾದರೂ ಯೋಚಿಸಲಿ. ಬೆಲ್‌ಗ್ರೇಡ್‌ನಲ್ಲಿ ಮೇ 15ರಿಂದ ಮೂರು ತಿಂಗಳದ್ದೊಂದು. ಅದರ ವಿಷಯ ‘ಆಟ’! ದೊಡ್ಡದು 2030ಕ್ಕೆ ರಿಯಾದ್‌ನಲ್ಲಿ.

ಆಟ ಅಂದರೆ ನಮ್ಮ ಗಂಜೀಫಾ ಅಲ್ವಾ? ದುಂಡನೆ ಇಸ್ಪೀಟ್ ಎಲೆ, ದಶಾವತಾರದ ಒಂದು ಕಟ್ಟಿನಲ್ಲಿ 120. ಮುಮ್ಮಡಿ ಕೃಷ್ಣರಾಜ ಒಡೆಯರ್ ತಾವೇ ಹೊಸ ಹೊಸ ಆಟ ಕಟ್ಟಿದ್ದರು. ಗಾಜಿನೊಳಗೆ ಇಟ್ಟರೆ ಚಿತ್ರಕಲೆ, ಮೇಜಿನ ಮೇಲೆ ಹರಡಿ ‘ಬನ್ನಿ ಆಡೋಣ’ ಅಂದರೆ ಪೆವಿಲಿಯನ್.

ದುಬೈ ರಿಟರ್ನ್

ಆಟಕ್ಕೆ ಕೂರಿಸೋದು ಒಳ್ಳೇ ಐಡಿಯಾ ಮಗು. ನಾನು ಆಗಲೇ ನೂರಕ್ಕೆ ಒಬ್ಬರು ಅಂದೆ. ಈಗ ಯೋಚಿಸಿದರೆ, ನಮ್ಮ ಅತ್ತೆ ಹೊರಗೆ ಕೂತು ಆ ಫಲಕ ನೋಡ್ತಿದ್ದಾಗ ಏನು ಕೇಳಿದ್ದರು ಗೊತ್ತಾ? ‘ಇದನ್ನು ತಿರುಗಿಸೋ ಮೋಟಾರು ಎಲ್ಲಿದೆ? ಒಂದಕ್ಕೆ ಒಂದಾ, ಎಲ್ಲಕ್ಕೂ ಸೇರಿ ಒಂದಾ?’ ಸುಮ್ನಿರಿ ಅತ್ತೆ ಅಂದಿದ್ದೆ.

ಆ ಕಟ್ಟಡ ಇನ್ನೂ ಅಲ್ಲೇ ಇದೆ. ಮುಂದಿನ ಸಲ ಹೋದಾಗ ನೋಡಿಕೊಂಡು ಬರ್ತೀನಿ.

ಬೀಟೆಹಲಗೆ

ನಿಮ್ಮ ಅತ್ತೆ ಮತ್ತು ನಮ್ಮಪ್ಪ ಒಟ್ಟಿಗೆ ಎಕ್ಸ್‌ಪೋಗೆ ಹೋಗಬೇಕು ಸರ್ 🙂

ನಿನ್ನೆ ರಾತ್ರಿ ಈ ಎಲ್ಲ ಉತ್ತರ ಅಪ್ಪನಿಗೆ ಓದಿದೆ. ಶಾಯಿಗೆ ನಕ್ಕರು. ಕಾಗದ ಪತ್ರದ್ದು ಕೇಳಿ ‘ಆ ಹೆಣ್ಣುಮಗಳು ಸರಿಯಾಗಿ ಹೇಳಿದ್ದಾಳೆ’ ಅಂದರು. ಕೊನೆಗೆ ನಾನೇ ಕೇಳಿದೆ, ‘ಅಪ್ಪ, ಯಾರಾದರೂ ಮರ್ಯಾದೆಯಾಗಿ ಕರೆದರೆ ಹೋಗ್ತೀರಾ?’

ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೈಯಲ್ಲಿದ್ದ ಉಜ್ಜುಕಾಗದ ಮಡಚಿ ಇಟ್ಟರು.

‘ಅಲ್ಲಿ ಹವೆ ಹೇಗೆ? ಎಸಿ ಹಾಕಿರ್ತಾರಾ? ಎಸಿ ಇದ್ದರೆ ಹಲಗೆ ಒಣಗುತ್ತೆ, ಅಂಟು ಬಿಡುತ್ತೆ. ನಾನು ಹೋಗೋಕೆ ಎರಡು ತಿಂಗಳು ಮೊದಲೇ ಹಲಗೆ ಹೋಗಬೇಕು. ಆ ಜಾಗದಲ್ಲಿ ಬಿದ್ದಿರಲಿ. ಒಗ್ಗಿಕೊಳ್ಳಲಿ. ಆಮೇಲೆ ನಾನು.’

ಪೇಟ ಕಟ್ಟಲ್ಲ ಅಂತಲೂ ಹೇಳಿದರು.

ಫೈಲುಗುಮಾಸ್ತೆ

ಎರಡು ತಿಂಗಳು ಮೊದಲು ಹಲಗೆ ಅಲ್ಲಿರಬೇಕಾದರೆ ಇಲ್ಲಿ ಅರ್ಜಿ ಅದಕ್ಕೂ ನಾಲ್ಕೈದು ತಿಂಗಳು ಮೊದಲು ಹಾಕಿಬಿಡಿ. ಯಾವ ಯಾವ ಕಾಗದ ಬೇಕು ಅಂತ ಪಟ್ಟಿ ಮಾಡಿ ಭಾನುವಾರ ಇಲ್ಲೇ ಹಾಕ್ತೀನಿ. ಮರ ಎಲ್ಲಿಂದ ಕೊಂಡದ್ದು ಅಂತ ರಸೀದಿ ಇದೆಯಾ ತಂದೆಯವರ ಹತ್ತಿರ?

ಬೀಟೆಹಲಗೆ

ಇದೆಯಂತೆ. ಟ್ರಂಕಿನಲ್ಲಿ. ಹುಡುಕ್ತಿದ್ದಾರೆ.